ತಾತನ ಕೋವಿಯ ಮುರಿದ ಬಟ್ ಸಿಕ್ಕಿದೆ: ಅಂಟಿಸೋದಾ, ದೀಪ ಮಾಡೋದಾ?

ನಾಲೆಏರಿ
ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ಇರುವ ನಮ್ಮ ಹಳೇ ಮನೆಯ ಹೆಂಚು ಇಳಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿಟ್ಟ ಮರದ ತುಂಡು ಸಿಕ್ಕಿತು. ತಾತನ ಕೋವಿಯ ಬಟ್, ಅಂದರೆ ಭುಜಕ್ಕೆ ಆನಿಸಿ ಹಿಡಿಯುವ ಮರದ ಭಾಗ. ಎರಡು ತುಂಡಾಗಿದೆ. ಕೈ ಹಿಡಿಯುವ ಸಣ್ಣ ಜಾಗದಲ್ಲಿ ಓರೆಯಾಗಿ ಸೀಳಿದೆ.

ಕೋವಿ ಈಗ ಇಲ್ಲ. ಒಂಟಿ ನಳಿಕೆಯ ತೋಟಾ ಕೋವಿ ಅದು, ಕಬ್ಬು ಕಾಯೋಕೆ ಅಂತ ಲೈಸೆನ್ಸ್ ಇತ್ತು. ಬಟ್ ಮುರಿದ ಮೇಲೆ ಮೈಸೂರಿನಲ್ಲಿ ಹೊಸದು ಹಾಕಿಸಿದ್ದರಂತೆ. ತಾತ ತೀರಿಕೊಂಡ ಮೇಲೆ 2003ರಲ್ಲಿ ಅಪ್ಪ ಕೋವಿಯನ್ನು ಲೈಸೆನ್ಸ್ ಇರುವ ಡೀಲರ್‌ಗೆ ಒಪ್ಪಿಸಿ ರಸೀದಿ ತಂದಿದ್ದಾರೆ. ಹಳೇ ಬಟ್ ಯಾರ ಲೆಕ್ಕಕ್ಕೂ ಬರದೆ ಅಟ್ಟದಲ್ಲೇ ಉಳಿದುಹೋಗಿದೆ.

ಹಿಂದೆ ಹಿತ್ತಾಳೆ ಪಟ್ಟಿ ಇದೆ. ಕೆನ್ನೆ ಇಡುವ ಕಡೆ ಮರ ನುಣ್ಣಗೆ ಸವೆದು ಹೊಳೆಯುತ್ತದೆ. ಇನ್ನೊಂದು ಕಡೆ ಬಿಳಿ ಬಿಳಿ ಗೀರು. ಏನಪ್ಪಾ ಅಂತ ನೋಡಿದರೆ ಸುಣ್ಣ. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಜಗಲಿ ಕಂಬಕ್ಕೆ ಒರೆಸುವ ಹಾಗೆ ತಾತ ಕೋವಿಗೂ ಒರೆಸಿದ್ದಾರೆ.

ನನ್ನ ಹೆಂಡತಿ ಟೇಬಲ್ ಲ್ಯಾಂಪ್ ಮಾಡಿಸೋಣ ಅಂತಾಳೆ. ಅಮ್ಮನಿಗೆ ಆಯುಧ ಪೂಜೆಗೆ ಇಡೋ ಹಾಗೆ ಅಂಟಿಸಿಕೊಡಬೇಕು. ಅದರ ಜೊತೆ ಇನ್ನೊಂದು ಜಗಳ. ತಾತ ಗುಂಡು ಮುಗಿದಾಗ ಹಂದಿಗೆ ಬಟ್‌ನಲ್ಲೇ ಬಾರಿಸಿದರು, ಆಗ ಮುರೀತು ಅನ್ನೋದು ದೊಡ್ಡಪ್ಪನ ಕಥೆ. "ಹಂದೀನೂ ಇಲ್ಲ ಗಿಂದೀನೂ ಇಲ್ಲ, ಎಲೆಕ್ಷನ್ ಟೈಮಲ್ಲಿ ಠಾಣೆಗೆ ಒಪ್ಪಿಸೋಕೆ ಸೈಕಲ್ ಹಿಂದೆ ಕಟ್ಟಿಕೊಂಡು ಹೋಗುವಾಗ ನಾಲೆ ಏರಿ ಮೇಲೆ ಮಾವನೋರು ಬೀಳಿಸಿಕೊಂಡರು" ಅಂತ ಅಮ್ಮ. ಗೊತ್ತಿರುವವರು ಹೇಳಿ, ಇದನ್ನ ಏನು ಮಾಡಲಿ?

ಮದ್ದೂರ್‌ವಡೆ
ಹಂದಿ ಕಥೆನೇ ಇಟ್ಕೊಳ್ಳಿ ಸಾರ್. ಸೈಕಲ್ಲಿಂದ ಬಿತ್ತು ಅಂದ್ರೆ ಯಾರು ಕೇಳ್ತಾರೆ.

ಒಂಟಿಕೊಪ್ಪಲು
ಫೆವಿಕಾಲ್ ಹಾಕಿ, ದಾರ ಸುತ್ತಿ, ಒಂದು ದಿನ ಬಿಡಿ. ಮುಗೀತು. ಇದಕ್ಕೆ ಇಷ್ಟು ದೊಡ್ಡ ಚರ್ಚೆ ಯಾಕೆ?

ಆಚಾರಿಮಗ
ಒಂಟಿಕೊಪ್ಪಲು ಅಣ್ಣ, ಸ್ವಲ್ಪ ತಡೀರಿ. ಹೊಸ ಮರ, ಹೊಸ ಸೀಳು, ಎರಡೂ ಮುಖ ಸರಿಯಾಗಿ ಕೂತರೆ ಫೆವಿಕಾಲ್ ಸಾಕು. ಒಪ್ಪುತ್ತೇನೆ. ಅಂಟಿಸಿದ ಜಾಗ ಬಿಟ್ಟು ಪಕ್ಕದ ಮರ ಒಡೆಯುತ್ತೆ, ಅಷ್ಟು ಗಟ್ಟಿ. ಆದರೆ ಇದು ಕೋವಿ ಬಟ್. ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತೆ. ಕೋವಿಯನ್ನು ಮೂಲೆಯಲ್ಲಿ ನಳಿಕೆ ಮೇಲೆ ಮಾಡಿ ಒರಗಿಸಿಟ್ಟರೆ ಕಬ್ಬಿಣಕ್ಕೆ ಹಾಕಿದ ಎಣ್ಣೆ ಇಳಿದು ಇಳಿದು ಬಟ್‌ನ ತಲೆಗೇ, ಅಂದ್ರೆ ಕಬ್ಬಿಣಕ್ಕೆ ಸೇರುವ ತುದಿಗೇ ಬರುತ್ತೆ. ಮರ ಅಲ್ಲಿ ಕಪ್ಪಾಗಿ ಮೆತ್ತಗಾಗುತ್ತೆ. ಎಣ್ಣೆ ಮರಕ್ಕೆ ಫೆವಿಕಾಲ್ ಹಿಡಿಯಲ್ಲ. ಮೂರು ತಿಂಗಳಿಗೆ ಬಾಯಿ ಬಿಡುತ್ತೆ.

ನಾಲೆಏರಿ ಅವರೇ, ಮುರಿದ ಮುಖ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿ ನನಗೆ ಮೂರು ವಿಷಯ ಹೇಳಿ. ಸೀಳಿನ ಒಳಗೆ ಬಣ್ಣ ಒಂದೇ ಥರ ಇದೆಯಾ, ಅಥವಾ ಅರ್ಧ ಕಪ್ಪು ಅರ್ಧ ತಿಳಿಯಾ? ಹಿತ್ತಾಳೆ ಪಟ್ಟಿಯ ಕೆಳಮೂಲೆ ಜಜ್ಜಿದೆಯಾ, ಅಲ್ಲಿ ಮರದ ಚಕ್ಕೆ ಎದ್ದಿದೆಯಾ? ಪಟ್ಟಿ ಬಿಚ್ಚಿದರೆ ಒಳಗೆ ಉದ್ದಕ್ಕೂ ತೂತು ಇದೆಯಾ? ಆಮೇಲೆ ಹಂದಿಯೋ ಸೈಕಲ್ಲೋ ಹೇಳ್ತೀನಿ.

ಹಳೇಸ್ಕೂಟರ್
ಮಂಡ್ಯದ ಶೆರ್ಲಾಕ್ ಬಂದ್ರು ದಾರಿ ಬಿಡಿ 😄

ವಕೀಲಮ್ಮ
ರಿಪೇರಿ ಮಾತು ನೀವೆಲ್ಲ ಆಡಿ. ನಾನು ಒಂದು ವಿಷಯ ಹೇಳಿ ಹೋಗ್ತೀನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ "ಆಯುಧ" ಅಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಬರೀ ಮರದ ತುಂಡು ಇಟ್ಟುಕೊಂಡದ್ದಕ್ಕೆ ಯಾರೂ ಬಂದು ಹಿಡಿಯಲ್ಲ ಅಂತ ನೀವು ಹೇಳಬಹುದು, ನನಗೂ ಹಾಗೇ ಅನ್ನಿಸುತ್ತೆ. ಆದರೂ ತಾತನ ಲೈಸೆನ್ಸ್ ಪುಸ್ತಕ, ಡೀಲರ್ ಕೊಟ್ಟ ರಸೀದಿ, ಎರಡರ ಜೆರಾಕ್ಸ್ ಮಾಡಿ ಬಟ್ ಜೊತೆ ಇಡಿ. ಠಾಣೆಯಲ್ಲಿ ಒಮ್ಮೆ ಬಾಯಿಮಾತಿಗೆ ಕೇಳಿಕೊಳ್ಳಿ. ನಷ್ಟ ಏನಿಲ್ಲ.

ಇದನ್ನ ಓದ್ತಾ ಇರುವ ಬೇರೆಯವರಿಗೂ ಹೇಳ್ತೀನಿ. ಕೋವಿ ಇನ್ನೂ ಬಳಕೆಯಲ್ಲಿ ಇದ್ದರೆ ಬೀದಿ ಕೊನೆಯ ಬಡಗಿ ಹತ್ತಿರ ಕೊಡಬೇಡಿ. ಕೋವಿ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, ಸೆಕ್ಷನ್ 5 ಅದನ್ನೇ ಹೇಳುತ್ತೆ. ಇಲ್ಲದಿದ್ರೆ ಪಾಪ, ಸಿಕ್ಕಿಹಾಕಿಕೊಳ್ಳೋದು ಬಡಗಿ.

ಬನ್ನೂರುಕುರಿ
ಮೇಡಂ, ಏರ್‌ಗನ್‌ಗೂ ಇದೇ ರೂಲ್ಸಾ? ನನ್ನ ಮಗನ .177 ಏರ್‌ಗನ್ ಬಟ್ ಬಿರುಕು ಬಿಟ್ಟಿದೆ.

ವಕೀಲಮ್ಮ
.177 ಬೋರು, 20 ಜೂಲ್ ಶಕ್ತಿಯ ಒಳಗಿದ್ದರೆ ಲೈಸೆನ್ಸ್ ಬೇಡ. ಬಿಲ್ ಇಟ್ಟುಕೊಳ್ಳಿ ಅಷ್ಟೆ. ಬಿರುಕು ಬಿಟ್ಟದ್ದನ್ನ ಮಗನ ಕೈಗೆ ಕೊಡಬೇಡಿ. ಬೈಯೋದಾದ್ರೆ ಬೈಕೊಳ್ಳಲಿ.

ಕಬ್ಬಿನಗದ್ದೆ
ಎಲ್ಲರೂ ಬಟ್ ಬಟ್ ಅಂತೀರಿ. ನಮ್ಮ ಗದ್ದೆಗೆ ನಿನ್ನೆ ರಾತ್ರಿನೂ ಹಂದಿ ಬಂದು ಅರ್ಧ ಕುಂಟೆ ಉರುಳಿಸಿ ಹೋಗಿವೆ. ಮೊದಲು ಕೋವಿ ಸದ್ದಿಗೆ ಓಡುತ್ತಿದ್ದವು, ಈಗ ಪಟಾಕಿಗೂ ಕ್ಯಾರೇ ಅನ್ನಲ್ಲ. ರಾತ್ರಿ ಕಾಯೋಣ ಅಂದ್ರೆ ಕಬ್ಬಿನೊಳಗೆ ಚಿರತೆ ಮರಿ ಹಾಕಿದೆ ಅಂತಾರೆ. ಯಾರು ಹೋಗ್ತಾರೆ?

ಹಳೇಸ್ಕೂಟರ್
ಪರಿಹಾರಕ್ಕೆ ಅರ್ಜಿ ಹಾಕಿದ್ರಾ? ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಹಾಕಬಹುದು. ಬೆಳೆ ಹಾಳಾದ ಫೋಟೋ ಅವತ್ತೇ ತೆಗೆದಿಡಿ, ನೀರು ಹಾಯಿಸಿದ ಮೇಲೆ ಗುರುತು ಉಳಿಯಲ್ಲ.

ಕಬ್ಬಿನಗದ್ದೆ
ಹಾಕಿದೀನಿ ಅಣ್ಣ. ಹಂದಿ ಬೇಗ ಬರುತ್ತೆ, ದುಡ್ಡು ನಿಧಾನ.

ನಾಲೆಏರಿ
ಆಚಾರಿಮಗ ಅವರಿಗೆ ಉತ್ತರ. ಬೆಳಗ್ಗೆಯೇ ಜಗಲಿ ಮೇಲೆ ಕೂತು ನೋಡಿದೆ. ಸೀಳಿನ ಒಳಗೆ ಬಣ್ಣ ಒಂದೇ ಥರ ಇಲ್ಲ. ಮೇಲ್ಭಾಗದಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಪ್ಪಗೆ, ಜಿಡ್ಡು. ಕೆಳಗಿನ ಭಾಗ ತಿಳಿ ಕಂದು, ನಾರು ಎದ್ದು ನಿಂತಿದೆ. ಹಿತ್ತಾಳೆಯ ಕೆಳಮೂಲೆ ಒಳಕ್ಕೆ ಮಡಿಸಿದೆ, ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಹಾರಿದೆ.

ಪಟ್ಟಿಗೆ ಎರಡು ಸ್ಕ್ರೂ. ಒಂದು ಬಿಚ್ಚಿತು. ಇನ್ನೊಂದು ಕೈಯಲ್ಲೇ ಬಂತು! ತೂತಿನೊಳಗೆ ಬೆಂಕಿಕಡ್ಡಿ ತುಂಡು ತುರುಕಿದ್ದಾರೆ. ಉದ್ದ ತೂತು ಇಲ್ಲ. ಬಟ್‌ನ ತಲೆಯಲ್ಲಿ ಮೇಲೊಂದು ಕೆಳಗೊಂದು ಸ್ಕ್ರೂ ತೂತು ಇವೆ. ಅವುಗಳಲ್ಲೂ ಬೆಂಕಿಕಡ್ಡಿ.

ಆಚಾರಿಮಗ
ಆಹಾ. ಹಾಗಾದ್ರೆ ಕೇಳಿ.

ಕೋವಿ ಬಟ್‌ನಲ್ಲಿ ಕೈ ಹಿಡಿಯುವ ಜಾಗವೇ ಸಣ್ಣದು. ಮರದ ನಾರು ಅಲ್ಲಿ ಹಿಡಿಯ ಉದ್ದಕ್ಕೆ ಹೋಗಬೇಕು. ಓರೆಯಾಗಿ ಹೋದರೆ ನಾರು ಮಧ್ಯದಲ್ಲೇ ತುಂಡಾಗಿರುತ್ತೆ, ಒಳ್ಳೆ ಸೌದೆ ಸೀಳಿದ ಹಾಗೆ ಸೀಳುತ್ತೆ. ನಿಮ್ಮದು ಓರೆ ಸೀಳು ಅಂದ್ರಲ್ಲ, ಮರ ಆರಿಸುವಾಗಲೇ ತಪ್ಪಾಗಿದೆ.

ಇನ್ನು ಬೆಂಕಿಕಡ್ಡಿ. ಸ್ಕ್ರೂ ಸಡಿಲ ಆದಾಗ ತೂತಿಗೆ ಕಡ್ಡಿ ತುರುಕಿ ಬಿಗಿ ಮಾಡೋದು ನಾವೂ ಬಾಗಿಲಿನ ಕೀಲಿಗೆ ಮಾಡ್ತೀವಿ. ಕೋವಿಗೆ ಅದು ಸಾಲದು. ಸ್ಕ್ರೂ ಸಡಿಲ ಇದ್ದರೆ ಪ್ರತಿ ಈಡಿಗೂ ಕಬ್ಬಿಣ ಹಿಂದಕ್ಕೆ ಬಂದು ಮರಕ್ಕೆ ಗುದ್ದುತ್ತೆ. ಬೆಣೆ ಹೊಡೆದ ಹಾಗೆ. ಕೂದಲೆಳೆ ಬಿರುಕು ಬೀಳುತ್ತೆ, ಆ ಬಿರುಕಿಗೆ ಎಣ್ಣೆ ಇಳಿದು ಕಪ್ಪಾಗುತ್ತೆ. ನಿಮ್ಮ ಕಪ್ಪು ಅರ್ಧ ಅದು. ಎಷ್ಟೋ ವರ್ಷ ಮೊದಲೇ ಬಿರುಕಿತ್ತು. ತಿಳಿ ಅರ್ಧ ಮಾತ್ರ ಕೊನೇ ದಿನ ಒಡೆದದ್ದು.

ಕೊನೇ ದಿನ ಏನಾಯ್ತು? ಕೆಳಮೂಲೆ ಜಜ್ಜಿ ಚಕ್ಕೆ ಹಾರಿದೆ ಅಂದ್ರೆ ಬಟ್ ಮೂಲೆ ಮೇಲೆ ಗಟ್ಟಿ ನೆಲಕ್ಕೆ ಬಿದ್ದಿದೆ. ಹಂದಿ ಮೈ ಮೆತ್ತಗೆ, ಹಿತ್ತಾಳೆ ಮಡಿಸಲ್ಲ. ನಿಮ್ಮ ತಾಯಿಯವರೇ ಸರಿ ಅಂತ ನನ್ನ ಲೆಕ್ಕ.

ಮದ್ದೂರ್‌ವಡೆ
ಹಂದಿ ತಲೆಬುರುಡೆಗೆ ಬಿದ್ದಿದ್ರೆ?

ಆಚಾರಿಮಗ
ಬುರುಡೆಗೆ ಮೂಲೆಯಿಂದ ಹೊಡೆಯೋಕೆ ಹಂದಿ ತಲೆ ತಗ್ಗಿಸಿ ಕಾಯಬೇಕು ಅಷ್ಟೆ.

ನಾಲೆಏರಿ
ಅಮ್ಮನಿಗೆ ಓದಿ ಹೇಳಿದೆ. "ಅವರ ಮನೆ ದೀಪ ತಣ್ಣಗಿರಲಿ" ಅಂದರು. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಕಪ್ಪಗಿರೋ ಅರ್ಧ ಹಂದಿಗೆ ಹೊಡೆದಾಗ ಬಿರುಕು ಬಿಟ್ಟಿದ್ದು, ಬಾಕಿ ಅರ್ಧ ಸೈಕಲ್ಲು" ಅಂದರು. ಬಗ್ಗೋ ಆಸಾಮಿ ಅಲ್ಲ.

ಕೊಡಗುನೆಂಟ
ನನ್ನ ಹೆಂಡತಿ ಕಡೆಯವರು ಕೊಡಗಿನವರು. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನ ಸಾಲಾಗಿ ಇಟ್ಟು ತೋಕ್ ಪೂ ಅಂತ ಕೆಂಪು ಹಳದಿ ಹೂ ಸಿಕ್ಕಿಸಿ ಪೂಜೆ ಮಾಡ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯನೂ ಇರುತ್ತೆ. ಅಲ್ಲಿಯವರು ಹಳೇ ಬಟ್ ಬಿಸಾಕೋದಾಗಲಿ ದೀಪ ಮಾಡೋದಾಗಲಿ ನಾನಂತೂ ನೋಡಿಲ್ಲ. ಮಾವನವರ ಮನೇಲಿ ನಳಿಕೆ ಕೆಳಗೆ ಮಾಡಿಯೇ ಇಡ್ತಾರೆ. ಯಾಕೆ ಅಂತ ಕೇಳಿದ್ರೆ "ಹಾಗೇ ಇಡೋದು" ಅಂತಿದ್ರು. ಎಣ್ಣೆ ವಿಷಯ ಇವತ್ತು ಗೊತ್ತಾಯ್ತು.

ಒಂಟಿಕೊಪ್ಪಲು
ಅವರಿಗೆ ಲೈಸೆನ್ಸೇ ಬೇಡ ಅಂತಾರಲ್ಲ, ನಿಜಾನಾ? ನಮಗೆ ಮಾತ್ರ ಯಾಕೆ ಈ ಕಾಟ?

ವಕೀಲಮ್ಮ
ಕೊಡವರಿಗೆ, ಜಮ್ಮಾ ಜಮೀನುದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು ಇರುವವರಿಗೆ) ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿದರು. ಅದೇ ವರ್ಷದ ತಿದ್ದುಪಡಿಯಲ್ಲಿ ಬಾಕಿಯವರಿಗೆ ಒಬ್ಬರಿಗೆ ಮೂರು ಕೋವಿ ಇದ್ದದ್ದು ಎರಡಕ್ಕೆ ಇಳಿಯಿತು. ಆ ಜಗಳ ಇಲ್ಲಿ ಬೇಡ, ಬಟ್‌ಗೆ ಬನ್ನಿ.

ಮಂಡಿಮೊಹಲ್ಲಾ
ನಾನು ಕೂಡಣೆ ಕೆಲಸದವನು. ಬೀಟೆ ಮರದ ಮೇಲೆ ಚಿತ್ರ ಕೂಡಿಸ್ತೀವಲ್ಲ, ಮೈಸೂರಿನ ಕೆಲಸ, ಅದು. ನಿಮ್ಮ ಬಟ್ ಯಾವ ಮರ ಅಂತ ಮೊದಲು ನೋಡಿ. ಸಾಮಾನ್ಯವಾಗಿ ಕೋವಿಗೆ ಅಕ್ರೋಟು ಮರ ಹಾಕ್ತಾರೆ, ಕಾಶ್ಮೀರದಿಂದ ಬರುತ್ತೆ. ಹಗುರ, ಗುದ್ದು ತಡೆಯುತ್ತೆ. ನಮ್ಮ ಕಡೆ ಬಟ್ ಬದಲಾಯಿಸಿದ್ರೆ ಬೀಟೆ, ತೇಗ, ಕೈಗೆ ಸಿಕ್ಕಿದ್ದು ಹಾಕಿರ್ತಾರೆ. ಕೈಗೆ ಭಾರ ಬಂದು, ಕಪ್ಪು ಗೆರೆ ಇದ್ದು, ಕಾಣದ ಜಾಗದಲ್ಲಿ ಸ್ವಲ್ಪ ಉಜ್ಜಿದರೆ ಸಿಹಿ ವಾಸನೆ ಬಂದರೆ ಬೀಟೆ.

ಬೀಟೆ ಆದರೆ ಕಷ್ಟ ಜಾಸ್ತಿ. ಆ ಮರದಲ್ಲೇ ಜಿಡ್ಡಿದೆ, ಕೋವಿ ಎಣ್ಣೆ ಬೇರೆ ಸೇರಿದೆ. ಅಂಟುವ ಮುಂಚೆ ಅಸಿಟೋನ್ ಹಾಕಿ ಒರೆಸಲೇಬೇಕು.

ನಾಲೆಏರಿ
ಪಟ್ಟಿ ಕೆಳಗೆ ಉಜ್ಜಿದೆ. ಸಿಹಿ ವಾಸನೆ ಇಲ್ಲ. ಭಾರನೂ ಅಷ್ಟಿಲ್ಲ. ಬಣ್ಣ ಕಾಫಿ ಕಂದು. ಅಕ್ರೋಟೇ ಇರಬೇಕು. ಸರಿ, ಎಣ್ಣೆ ತೆಗೆಯೋದು ಹೇಗೆ? ಹೆಂಡತಿ ಹತ್ತಿರ ನೇಲ್ ಪಾಲಿಶ್ ರಿಮೂವರ್ ಇದೆ, ಅದು ಆಗುತ್ತಾ?

ಮಂಡಿಮೊಹಲ್ಲಾ
ಬೇಡ. ಅದರಲ್ಲಿ ವಾಸನೆ, ಎಣ್ಣೆ ಎಲ್ಲ ಬೆರೆಸಿರ್ತಾರೆ. ಪೇಂಟ್ ಅಂಗಡಿಯಲ್ಲಿ ಬರೀ ಅಸಿಟೋನ್ ಕೇಳಿ. ಸೀಮೆಸುಣ್ಣ ನುಣ್ಣಗೆ ಪುಡಿ ಮಾಡಿ ಅಸಿಟೋನ್‌ನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಕಪ್ಪಾದ ಜಾಗಕ್ಕೆ ಮೆತ್ತಿ. ಅಸಿಟೋನ್ ಎಣ್ಣೆಯನ್ನ ಕರಗಿಸಿ ಮೇಲೆ ತರುತ್ತೆ, ಪುಡಿ ಅದನ್ನ ಕುಡಿಯುತ್ತೆ. ಒಣಗಿದಾಗ ಪುಡಿ ಹಳದಿ ಆಗಿರುತ್ತೆ. ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉದುರಿಸಿ ಮತ್ತೆ ಮೆತ್ತಿ. ಪುಡಿ ಬಿಳಿಯಾಗೇ ಉಳಿಯುವ ತನಕ ಮಾಡ್ತಾ ಹೋಗಿ. ನಾಲ್ಕೈದು ಸಲ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಹೊರಗೆ ಗಾಳಿಯಲ್ಲಿ ಮಾಡಿ. ಹತ್ತಿರ ಒಲೆ, ಬೀಡಿ, ಊದಿನಕಡ್ಡಿ ಏನೂ ಇರಬಾರದು. ಹಾಗೇ ಮೆತ್ತುವಾಗ ಸೀಳಿನ ಒಳಗೆ ಮಾತ್ರ. ಹೊರಮೈಗೆ ತಾಗಿದರೆ ತಾತನ ಕೆನ್ನೆ ಹೊಳಪು ಹೋಗುತ್ತೆ.

ಆಚಾರಿಮಗ
ಮಂಡಿಮೊಹಲ್ಲಾ ಅವರು ಹೇಳಿದ್ದು ಸರಿ. ಆಮೇಲೆ ಅರಾಲ್ಡೈಟ್ ಅನ್ನೋ ಎಪಾಕ್ಸಿ ಅಂಟು. ಬೇಗ ಕಚ್ಚುವುದು ಬೇಡ, ನಿಧಾನದ್ದು ತಗೊಳ್ಳಿ. ಎರಡು ಟ್ಯೂಬಿಂದ ಸಮ ಸಮ. ಸೀಳಿದ ನಾರು ಒಂದಕ್ಕೊಂದು ಕೂರುವ ಹಾಗೆ ಮೊದಲು ಒಣಗಿದ್ದಾಗಲೇ ಜೋಡಿಸಿ ನೋಡಿ. ಕೂರದಿದ್ದರೆ ಮಧ್ಯೆ ಕಸ ಇದೆ ಅಂತ ಅರ್ಥ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಉಜ್ಜಿದರೆ ಜೋಡಣೆನೇ ಹೋಗುತ್ತೆ.

ಈ ಆಕಾರಕ್ಕೆ ಕ್ಲಾಂಪ್ ನಿಲ್ಲಲ್ಲ, ಜಾರುತ್ತೆ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ, ಎಳೆದು ಎಳೆದು ಸುತ್ತಿ. ಸೀಳಿನ ಅಂಚಿನ ಹೊರಗೆ ಮೊದಲು ಮೇಣ ಸವರಿ. ಹೊರಗೆ ಉಕ್ಕಿದ ಅಂಟು ಮೇಣದ ಮೇಲೆ ಕೂತರೆ ಉಗುರಲ್ಲಿ ಎಬ್ಬಿಸಬಹುದು. 24 ಗಂಟೆ ಮುಟ್ಟಬೇಡಿ.

ಗೋಡೆಗೆ ಹಾಕೋದಾದರೆ ಇಷ್ಟೇ ಸಾಕು. ಗುಂಡು ಹೊಡೆಯೋ ಕೋವಿಗಾದರೆ ಒಳಗೆ ಅಡ್ಡಡ್ಡ ಕೀಲು ಕೂರಿಸಬೇಕು, ಅದು ಲೈಸೆನ್ಸ್ ಇರುವವರ ಕೆಲಸ. ನಿಮಗೆ ಬೇಡ.

ಒಂಟಿಕೊಪ್ಪಲು
ಫೆವಿಕಾಲ್‌ನಲ್ಲೂ ಸೈಕಲ್ ಟ್ಯೂಬ್ ಸುತ್ತಬಹುದು ಅಂತ ದಾಖಲೆಗೆ ಹೇಳಿ ಸುಮ್ಮನಾಗ್ತೀನಿ.

ಚಾಮುಂಡಿತಪ್ಪಲು
ಅಂಟಿನ ಗೆರೆ ಕಾಣುತ್ತೆ ಅಂತ ಚಿಂತೆ ಇದ್ದರೆ ಮಂಡಿಮೊಹಲ್ಲಾ ಅವರ ಹತ್ತಿರ ಸೀಳಿಗೆ ಅಡ್ಡ ಡಮರು ಆಕಾರದ ಸಣ್ಣ ಬಿಲ್ಲೆ ಕೂಡಿಸಿಕೊಳ್ಳಿ. ಗಟ್ಟಿನೂ ಆಗುತ್ತೆ, ಚಂದನೂ ಆಗುತ್ತೆ. ಅರಮನೆ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತ ಕೂಡಿಸಿದ್ದು ನೋಡಿದ್ದೀರಲ್ಲ? ಟಿಪ್ಪು ಕಾಲದ ಕೋವಿ ಹಿಡಿಗಳಲ್ಲೂ ಬೆಳ್ಳಿ ಕೆಲಸ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎಷ್ಟೋ ಕೋವಿಗಳು ಹಡಗು ಹತ್ತಿದವು, ಈಗ ಹರಾಜಿನ ಫೋಟೋದಲ್ಲಿ ನೋಡಬೇಕು.

ಮಂಡಿಮೊಹಲ್ಲಾ
ಮಾಡಿಕೊಡಬಹುದು. ದಂತ ಕೇಳಬೇಡಿ ಮತ್ತೆ, ಅದು ನಿಂತು ಎಷ್ಟೋ ಕಾಲ ಆಯ್ತು. ಈಗ ಬಣ್ಣ ಬಣ್ಣದ ಮರ, ಇಲ್ಲ ಬಿಳಿ ಪ್ಲಾಸ್ಟಿಕ್. ನನ್ನ ಕೇಳಿದರೆ ಈ ಬಟ್‌ಗೆ ಏನೂ ಕೂಡಿಸಬೇಡಿ. ಸುಣ್ಣದ ಗೀರಿನ ಪಕ್ಕ ನನ್ನ ಡಮರು ಯಾಕೆ?

ಹಳೇಸ್ಕೂಟರ್
ನಾನು ಲ್ಯಾಂಪ್ ಪಕ್ಷ. ಗೋಡೆ ಮೇಲೆ ನೇತು ಹಾಕಿದ ವಸ್ತು ವರ್ಷಕ್ಕೊಮ್ಮೆ ಧೂಳು ಹೊಡೆಯುವಾಗ ಮಾತ್ರ ನೆನಪಾಗುತ್ತೆ. ದೀಪ ದಿನಾ ಹತ್ತುತ್ತೆ. ನಮ್ಮ ಅಜ್ಜನ ಮುರಿದ ನೊಗದಲ್ಲಿ ಕೋಟು ನೇತು ಹಾಕೋ ಗೂಟ ಮಾಡಿಸಿದ್ದೀವಿ, ದಿನಾ ಮುಟ್ಟುತ್ತೀವಿ.

ಕೊಡಗುನೆಂಟ
ನೊಗ ಬೇರೆ. ಬಟ್‌ಗೆ ವೈರ್ ಎಳೆಯೋಕೆ ಉದ್ದಕ್ಕೂ ಡ್ರಿಲ್ ಹಾಕಬೇಕು. ಒಮ್ಮೆ ತೂತು ಕೊರೆದರೆ ಹಿಂದಕ್ಕೆ ಬರಲ್ಲ. ಅಂಟು ಬೇಕಾದರೆ ನಾಳೆ ಬಿಡಿಸಬಹುದು.

ಹಳೇಸ್ಕೂಟರ್
ಅರಾಲ್ಡೈಟ್ ಬಿಡಿಸ್ತೀರಾ? ಶುಭವಾಗಲಿ.

ಬನ್ನೂರುಕುರಿ
ಅದಕ್ಕೊಂದು ಪೈಪ್ ಸಿಕ್ಕಿಸಿ ಮಕ್ಕಳಿಗೆ ಆಟಕ್ಕೆ ಕೊಡಿ. ನಾಟಕಕ್ಕೂ ಆಗುತ್ತೆ.

ವಕೀಲಮ್ಮ
ದಯವಿಟ್ಟು ಬೇಡ. ದೂರದಿಂದ ನೋಡಿದವರಿಗೆ ಅದು ಕೋವಿಯೇ. ರಸ್ತೇಲಿ ಮಗು ಹಿಡಿದು ಓಡಿದರೆ ಆಗೋ ರಾದ್ಧಾಂತ ನಿಮಗೆ ಬೇಕಾ?

ಚಾಮುಂಡಿತಪ್ಪಲು
ಅಂಟಿಸಿದ ಮೇಲೆ ಅಗಸೆ ಎಣ್ಣೆ ಸವರುವುದಾದರೆ ಒಂದು ಮಾತು. ಎಣ್ಣೆ ಬಟ್ಟೆಯನ್ನ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಉಂಡೆಯೊಳಗಿನ ಬಿಸಿ ಹೊರಗೆ ಹೋಗಲ್ಲ, ತಾನೇ ಹೊತ್ತಿಕೊಳ್ಳುತ್ತೆ. ನಮ್ಮ ಮನೆ ಬಾಗಿಲಿಗೆ ಸವರಿದ ದಿನ ಬಕೆಟ್‌ನಲ್ಲಿ ಹಾಕಿದ್ದ ಬಟ್ಟೆಯಿಂದ ಸಂಜೆ ಹೊಗೆ ಬಂತು. ಪಕ್ಕದಲ್ಲೇ ಸ್ಕೂಟರ್ ನಿಂತಿತ್ತು. ತಂತಿ ಮೇಲೆ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಅದ್ದಿಡಿ.

ಮದ್ದೂರ್‌ವಡೆ
ಇದು ಮಾತ್ರ ನನಗೆ ಗೊತ್ತೇ ಇರಲಿಲ್ಲ. ಗ್ಯಾರೇಜಿಗೆ ಹೋಗಿ ಬರ್ತೀನಿ ತಡೀರಿ.

ನಾಲೆಏರಿ
ಐದು ದಿನ ಆದ ಮೇಲೆ ಬರೀತಿದೀನಿ. ಸೀಮೆಸುಣ್ಣ ಮೆತ್ತಿದ್ದು ಆರು ಸಲ. ಮೊದಲನೇ ಸಲ ಪುಡಿ ಬೆಲ್ಲದ ಬಣ್ಣಕ್ಕೆ ತಿರುಗಿತು, ಆರನೇ ಸಲ ಬಿಳಿಯಾಗೇ ಉಳಿಯಿತು. ಒಣಗಿದ್ದಾಗ ಜೋಡಿಸಿ ನೋಡಿದರೆ ಕೂದಲೆಳೆ ಸಂದು ಬಿಟ್ಟು ಕೂತಿತು. ಇವತ್ತು ಸಂಜೆ ಅಂಟು ಹಾಕಿ ಟ್ಯೂಬ್ ಸುತ್ತಿದ್ದೀವಿ. ಟ್ಯೂಬ್ ಎಳೆದು ಹಿಡಿದುಕೊಂಡದ್ದು ದೊಡ್ಡಪ್ಪ. ಹಿಡಿದುಕೊಂಡೇ ಹಂದಿ ಕಥೆ ಮತ್ತೆ ಶುರು ಮಾಡಿದರು, ಈ ಸಲ ಹಂದಿ ಎರಡು. ಅಮ್ಮ ಒಳಗಿಂದ "ಸೈಕಲ್ಲೂ ಎರಡಾ?" ಅಂದರು.

ಹಾರಿದ ಚಕ್ಕೆ ಹಾಗೇ ಬಿಟ್ಟಿದ್ದೀನಿ. ಮಡಿಸಿದ ಹಿತ್ತಾಳೆಯನ್ನೂ ನೆಟ್ಟಗೆ ಮಾಡಿಲ್ಲ. ಠಾಣೆಯಲ್ಲೂ ಕೇಳಿದೆ, ರಸೀದಿ ನೋಡಿ, ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ ಅಂದರು. ಲ್ಯಾಂಪ್ ಇಲ್ಲ ಅಂತ ಹೆಂಡತಿಗೆ ಸ್ವಲ್ಪ ಬೇಜಾರಿದೆ. ಅಮ್ಮ ಆಗಲೇ ಗೋಡೆಗೆ ಮೊಳೆ ಹೊಡೆಸಿದ್ದಾರೆ, ಟಿವಿ ಮೇಲೆ.

ಆಚಾರಿಮಗ
ಮೊಳೆ ಬೇಡ. ಪ್ಲಗ್ ಹಾಕಿ ಸ್ಕ್ರೂ ಕೂರಿಸಿ, ಬಟ್ ಅಡ್ಡ ಮಲಗುವ ಹಾಗೆ ಎರಡು ಕಡೆ ಆಧಾರ ಕೊಡಿ. ಒಂದೇ ಮೊಳೆಗೆ ನೇತು ಹಾಕಿದರೆ ಇನ್ನೊಮ್ಮೆ ಕೆಳಮೂಲೆ ಮೇಲೇ ಬೀಳೋದು.

ನಾಲೆಏರಿ
ಸರಿ ಅಣ್ಣ. ಡ್ರಿಲ್ ಪಕ್ಕದ ಮನೆಯವರ ಹತ್ತಿರ ಇದೆ, ಭಾನುವಾರ ಕೇಳ್ತೀನಿ.